ಅರ್ಜುನನ ಕಣ್ಣು ಸರಿ, ಬಾಣದ ಮಾತೇನು?

ಗುರಿವಿದ್ಯೆಯ ಮಾತು ಬಂದಾಗಲೆಲ್ಲ ನಮ್ಮ ಶಾಲೆಗಳ ವೇದಿಕೆಗಳ ಮೇಲೆ ಒಂದೇ ಕತೆ ಕೇಳಿಬರುತ್ತದೆ. ದ್ರೋಣಾಚಾರ್ಯರು ಮರದ ಮೇಲೊಂದು ಕೃತಕ ಹಕ್ಕಿಯನ್ನಿಟ್ಟರು. ಒಬ್ಬನಿಗೆ ಮರ ಕಂಡಿತು, ಇನ್ನೊಬ್ಬನಿಗೆ ಕೊಂಬೆ ಕಂಡಿತು, ಅರ್ಜುನನಿಗೆ ಮಾತ್ರ ಹಕ್ಕಿಯಲ್ಲದೆ ಬೇರೇನೂ ಕಾಣಲಿಲ್ಲ. ಆದ್ದರಿಂದ ಮಕ್ಕಳೇ, ಏಕಾಗ್ರತೆಯೇ ಗುರಿ, ಗುರಿಯೇ ಏಕಾಗ್ರತೆ. ಚಪ್ಪಾಳೆ. ಕಳೆದ ವರ್ಷ ಕುರುಗೋಡಿನ ಕಡೆಯ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿಯೂ ಮುಖ್ಯ ಅತಿಥಿಗಳು ಇದನ್ನೇ ಹೇಳಿದರು. ಹೇಳಿದ್ದಷ್ಟೇ ಅಲ್ಲ, ಎನ್.ಸಿ.ಸಿ. ಸಮವಸ್ತ್ರದಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದ ಮಕ್ಕಳ ಕಡೆ ಬೆರಳು ತೋರಿಸಿ, "ಗುಂಡು ತಪ್ಪಿತೆಂದರೆ ಮನಸ್ಸು ತಪ್ಪಿತೆಂದೇ ಅರ್ಥ" ಎಂದು ತೀರ್ಪು ಕೊಟ್ಟರು. ಈ ತೀರ್ಪನ್ನು ಒಪ್ಪಲಾರೆ ಎಂದು ಹೇಳುವುದಕ್ಕಾಗಿಯೇ ಈ ಬರೆಹ. ಕುರುಗೋಡು, ಸಿರುಗುಪ್ಪ, ಬಳ್ಳಾರಿ ಎಂದು ಊರೂರು ತಿರುಗಿ ಮೂವತ್ತೈದು ವರ್ಷ ಗಣಿತ, ವಿಜ್ಞಾನ ಕಲಿಸಿದವನು ನಾನು. ಜೊತೆಗೆ ಕೆಲವು ವರ್ಷ ಮಕ್ಕಳನ್ನು ಫೈರಿಂಗ್ ರೇಂಜಿಗೆ ಕರೆದೊಯ್ದು ಬಿಸಿಲಿನಲ್ಲಿ ನಿಂತವನು. ನನ್ನ ವಿದ್ಯಾರ್ಥಿಗಳಿಗೆ ನನ್ನ ಹಟ ಗೊತ್ತಿದೆ. ಬಂಧುಗಳಿಗೆ ಅದಕ್ಕಿಂತ ಚೆನ್ನಾಗಿ ಗೊತ್ತಿದೆ.

ಮೊದಲು ಆ ಕತೆಯನ್ನೇ ಸ್ವಲ್ಪ ಗಮನವಿಟ್ಟು ನೋಡೋಣ. ದ್ರೋಣರು ಉಳಿದ ರಾಜಕುಮಾರರಿಗೆ ಒಂದು ಬಾಣವನ್ನೂ ಬಿಡಗೊಡಲಿಲ್ಲ. ಏನು ಕಾಣುತ್ತದೆಂದು ಕೇಳಿದರು, ಉತ್ತರ ಹಿಡಿಸಲಿಲ್ಲ, ಪಕ್ಕಕ್ಕೆ ಸರಿಯೆಂದರು. ಅದು ಬಿಲ್ವಿದ್ಯೆಯ ಪರೀಕ್ಷೆಯಾಗಿರಲಿಲ್ಲ, ಮೌಖಿಕ ಸಂದರ್ಶನವಾಗಿತ್ತು! ಯುಧಿಷ್ಠಿರ ಬಾಣ ಬಿಟ್ಟಿದ್ದರೆ ಎಲ್ಲಿ ನಾಟುತ್ತಿತ್ತೋ ಯಾರಿಗೆ ಗೊತ್ತು? ಇನ್ನೊಂದು ಪ್ರಶ್ನೆಯನ್ನಂತೂ ಈ ಕತೆ ಹೇಳುವ ಯಾರೂ ಕೇಳಿದ್ದನ್ನು ನಾನು ಕಾಣೆ. ಅರ್ಜುನನ ಕೈಯಲ್ಲಿದ್ದ ಬಾಣ ನೆಟ್ಟಗಿತ್ತೇ? ಗರಿಗಳು ಸಮನಾಗಿದ್ದವೇ? ಸೊಟ್ಟ ಬಾಣವನ್ನು ಕೊಟ್ಟಿದ್ದರೆ ಅರ್ಜುನನ ಏಕಾಗ್ರತೆ ಏನು ಮಾಡುತ್ತಿತ್ತು?

ರೇಂಜಿನಲ್ಲಿ ಮಕ್ಕಳಿಗೆ ಹಿಂದಿಯಲ್ಲಿ ಹೇಳಿಕೊಡುವ ಸೂತ್ರ ಮೂರು ಮಾತಿನದು: ಮಜಬೂತ್ ಪಕಡ್, ದುರುಸ್ತ್ ಶಿಸ್ತ್, ಸರಿಯಾದ ಟ್ರಿಗರ್ ಆಪರೇಷನ್. ಬಿಗಿ ಹಿಡಿತ, ನೇರ ಗುರಿ, ಮೆಲ್ಲನೆಯ ಬೆರಳು. ಮೂರೂ ನಿಜ, ಮೂರನ್ನೂ ನಾನೇ ನೂರಾರು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಆದರೆ ಮೂರೂ ಹೊಡೆಯುವವರ ಮೇಲಿನ ಹೊಣೆಗಳು. ನಳಿಗೆಯೊಳಗಿನ ಕಾಡತೂಸಿಗೆ ಯಾವ ಹೊಣೆಯನ್ನೂ ಹೊರಿಸಿಲ್ಲ. ಅದು ಸರಕಾರಿ ಪೆಟ್ಟಿಗೆಯಿಂದ ಬಂದದ್ದು, ಆದ್ದರಿಂದ ಪ್ರಶ್ನಾತೀತ.

ಆ ಕಾಡತೂಸನ್ನು ಒಮ್ಮೆ ಬಿಡಿಸಿ ನೋಡಬೇಕು (ಮನಸ್ಸಿನಲ್ಲಿ ಮಾತ್ರ, ದಯವಿಟ್ಟು ಯಾರೂ ಇಕ್ಕಳ ಹಿಡಿಯಬೇಡಿ). ಎನ್.ಸಿ.ಸಿ. ಮಕ್ಕಳು ಬಳಸುವುದೂ, ಒಲಿಂಪಿಕ್ಸಿನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಬಳಕೆಯಾಗುವುದೂ ಒಂದೇ ಅಳತೆಯ .22 ಕಾಡತೂಸು. ಗುಂಡಿನ ವ್ಯಾಸ 5.6 ಮಿ.ಮೀ., ತೂಕ ಸುಮಾರು 2.6 ಗ್ರಾಂ, ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ ಇಪ್ಪತ್ತು ಗುಲಗಂಜಿಗಿಂತ ತುಸು ಹೆಚ್ಚು. ಅದನ್ನು ದೂಡುವ ಮದ್ದಿನ ತೂಕ ಒಂದು ಗ್ರಾಮಿನ ಹತ್ತನೇ ಒಂದು ಭಾಗದಷ್ಟು, ಅಂದರೆ ಒಂದು ಗುಲಗಂಜಿಗಿಂತಲೂ ಕಡಿಮೆ. ಇಷ್ಟು ಅಲ್ಪ ಮದ್ದಿನಲ್ಲಿ ಚಿಟಿಕೆಯ ಚೂರು ಹೆಚ್ಚುಕಡಿಮೆಯಾದರೂ ವೇಗ ಬದಲಾಗುತ್ತದೆ. ಇದರ ಮೇಲೆ ಇನ್ನೊಂದು ತೊಡಕಿದೆ. ದೊಡ್ಡ ಕಾಡತೂಸುಗಳಲ್ಲಿ ಕಿಡಿ ಹೊತ್ತಿಸುವ ರಾಸಾಯನಿಕವು ತಳದ ನಡುವಿನ ಪುಟ್ಟ ಬಟ್ಟಲಿನಲ್ಲಿರುತ್ತದೆ. .22ರಲ್ಲಿ ಅದನ್ನು ಹಿತ್ತಾಳೆಯ ಖೋಕಾದ ಅಂಚಿನ ಟೊಳ್ಳಿನೊಳಗೆ ಸುತ್ತಲೂ ಹರಡಿರುತ್ತಾರೆ. ಆ ಅಂಚಿನ ಒಂದೇ ಒಂದು ಜಾಗಕ್ಕೆ ಸೂಜಿ ಬಡಿಯುತ್ತದೆ. ಆ ಜಾಗದಲ್ಲಿ ರಾಸಾಯನಿಕ ತುಸು ದಪ್ಪವಾಗಿ ಕುಳಿತಿದ್ದರೆ ಒಂದು ಬಗೆಯ ಕಿಡಿ, ತೆಳುವಾಗಿದ್ದರೆ ಇನ್ನೊಂದು ಬಗೆ. ಅಂಚಿನ ದಪ್ಪದಲ್ಲಿ ವ್ಯತ್ಯಾಸವಿದ್ದರೆ ಸೂಜಿಯ ಪೆಟ್ಟೇ ಬೇರೆಯಾಗುತ್ತದೆ.

ವೇಗ ಬದಲಾದರೆ ಏನಾದೀತು ಎನ್ನುವವರಿಗೆ ಒಂಬತ್ತನೆಯ ತರಗತಿಯ ಲೆಕ್ಕ. ಐವತ್ತು ಮೀಟರಿನ ಹಾದಿಯಲ್ಲಿ ಗುಂಡಿನ ಸರಾಸರಿ ವೇಗ ಸೆಕೆಂಡಿಗೆ 320 ಮೀಟರ್ ಎಂದಿಟ್ಟುಕೊಳ್ಳಿ. ಅದು ಗುರಿ ಮುಟ್ಟಲು 0.156 ಸೆಕೆಂಡು ತೆಗೆದುಕೊಳ್ಳುತ್ತದೆ. ಆ ಅವಧಿಯಲ್ಲಿ ಗುರುತ್ವಾಕರ್ಷಣೆ ಅದನ್ನು ಸುಮಾರು 12 ಸೆಂ.ಮೀ. ಕೆಳಗೆಳೆಯುತ್ತದೆ. ವೇಗ 310 ಮೀಟರ್ ಆದರೆ ಬೀಳುವುದು ಸುಮಾರು 12.7 ಸೆಂ.ಮೀ. ವ್ಯತ್ಯಾಸ ಎಂಟು ಮಿಲಿಮೀಟರ್. ಇಷ್ಟೇಯೇ ಎಂದು ನಗಬೇಡಿ. ಆ ಗುರಿಹಲಗೆಯ ಹತ್ತು ಅಂಕದ ವೃತ್ತದ ವ್ಯಾಸವೇ 10.4 ಮಿ.ಮೀ.; ಅಲ್ಲಿಂದ ಒಂದೊಂದು ಅಂಕಕ್ಕೂ ನಡುವಿನ ಅಂತರ ಎಂಟೆಂಟು ಮಿಲಿಮೀಟರ್. ಕೈ ಕದಲಿಲ್ಲ, ಕಣ್ಣು ಮಿಟುಕಿಲ್ಲ, ಮನಸ್ಸು ಎಲ್ಲಿಯೂ ಓಡಿಲ್ಲ; ಆದರೂ ಮದ್ದಿನ ಒಂದು ಚೂರಿಗಾಗಿ ಪೂರ್ತಿ ಒಂದು ಅಂಕ ಹೋಯಿತು. (ಹೊಡೆತದ ಕ್ಷಣದಲ್ಲಿ ನಳಿಗೆಯ ತುದಿ ಚಾವಟಿಯಂತೆ ಅದುರುತ್ತದೆ, ತುದಿ ಮೇಲಕ್ಕೇಳುವಾಗ ನಿಧಾನದ ಗುಂಡು ಹೊರಬಿದ್ದರೆ ಈ ವ್ಯತ್ಯಾಸ ತುಸು ಸರಿಹೋಗುವುದೂ ಉಂಟು. ಬಲ್ಲವರು ನಳಿಗೆಯ ತುದಿಗೆ ತೂಕ ಕಟ್ಟಿ ಇದನ್ನು ಹೊಂದಿಸಿಕೊಳ್ಳುತ್ತಾರೆ. ನಮ್ಮ ಶಾಲೆಗಳ ಬಂದೂಕಿಗೆ ಅಷ್ಟೆಲ್ಲ ಉಪಚಾರ ಎಲ್ಲಿಂದ ಬರಬೇಕು?)

ವಿರೋಧಿಗಳು ಇಲ್ಲೊಂದು ನ್ಯಾಯವಾದ ಆಕ್ಷೇಪಣೆ ಎತ್ತಬಹುದು: ಶಾಲಾ ಮಕ್ಕಳು ಹೊಡೆಯುವುದು ಇಪ್ಪತ್ತೈದು ಮೀಟರಿನಲ್ಲಲ್ಲವೇ? ಹೌದು. ದೂರ ಅರ್ಧವಾದರೆ ಈ ಕುಸಿತದ ವ್ಯತ್ಯಾಸ ಕಾಲು ಭಾಗಕ್ಕಿಳಿದು ಎರಡು ಮಿಲಿಮೀಟರ್ ಆಗುತ್ತದೆ. ಆದರೆ ಉಳಿದ ದೋಷಗಳು ಹೀಗೆ ವರ್ಗದ ಲೆಕ್ಕದಲ್ಲಿ ಕುಗ್ಗುವುದಿಲ್ಲ, ನೇರವಾಗಿ ಅರ್ಧಕ್ಕಿಳಿಯುತ್ತವೆ ಅಷ್ಟೇ. ಬುಗುರಿ ಆಡಿಸಿದವರಿಗೆಲ್ಲ ಗೊತ್ತು, ಮೊಳೆ ನಡುಮಧ್ಯದಲ್ಲಿ ಇಲ್ಲದ ಬುಗುರಿ ತೂರಾಡುತ್ತದೆ. ನಳಿಗೆಯ ಒಳಗಿನ ಸುರುಳಿ ಗೀರುಗಳು ಗುಂಡನ್ನು ಬುಗುರಿಯಂತೆಯೇ ತಿರುಗಿಸುತ್ತವೆ. ಸೀಸ ಮೆತ್ತನೆಯ ಲೋಹ. ಪೆಟ್ಟಿಗೆಯಲ್ಲಿ ಕುಲುಕಾಡಿ ತಳದ ಅಂಚು ನಜ್ಜಾಗಿದ್ದರೆ, ಅಥವಾ ಖೋಕಾದಲ್ಲಿ ಗುಂಡು ಕೂದಲೆಳೆಯಷ್ಟು ವಾಲಿ ಕುಳಿತಿದ್ದರೆ, ಅದು ನಳಿಗೆಯ ಬಾಯಿ ಬಿಡುವಾಗಲೇ ಅಡ್ಡದಾರಿ ಹಿಡಿಯುತ್ತದೆ. ಆ ಬಾಯಿಯೂ ಸವೆದಿರಬಹುದು. ಪುಲ್‌ಥ್ರೂ ಹಗ್ಗಕ್ಕೆ ಚಿಂದಿ ಕಟ್ಟಿ ವರ್ಷಗಟ್ಟಲೆ ಒಂದೇ ಕಡೆ ವಾಲಿಸಿ ಎಳೆದರೆ ಉಕ್ಕೂ ಸವೆಯುತ್ತದೆ. ಬಾವಿಗಟ್ಟೆಯ ಕಲ್ಲಿನಲ್ಲಿ ಹಗ್ಗ ಕೊರೆದ ಗುರುತು ನೀವು ನೋಡಿಲ್ಲವೇ?

ಇನ್ನು ಗುಂಡಿನ ಮೇಲೆ ಸವರಿದ ಮೇಣ. 1857ರ ದಂಗೆಯ ಪಾಠ ಮಾಡುವಾಗ ನಾವೆಲ್ಲ ಎನ್‌ಫೀಲ್ಡ್ ಬಂದೂಕಿನ ಕೊಬ್ಬು ಸವರಿದ ತೋಟಾಗಳ ವಿಷಯ ಹೇಳುತ್ತೇವೆ. ಆ ಜಿಡ್ಡು ಯಾಕೆ ಬೇಕಿತ್ತೆಂದು ಕೇಳಿದ ವಿದ್ಯಾರ್ಥಿ ನನಗೆ ಒಬ್ಬನೇ ಒಬ್ಬ ಸಿಕ್ಕಿದ್ದ. ಸೀಸವು ನಳಿಗೆಗೆ ಮೆತ್ತಿಕೊಳ್ಳದಿರಲಿ, ಮದ್ದಿನ ಮಸಿ ಗಟ್ಟಿಯಾಗದಿರಲಿ ಎಂಬುದು ಅದರ ಉದ್ದೇಶ. ಇಂದಿನ .22 ಗುಂಡಿನ ಮೇಲೆಯೂ ಮೇಣವೋ ಜಿಡ್ಡೋ ಇದ್ದೇ ಇರುತ್ತದೆ. ನಮ್ಮ ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ತಗಡಿನ ಟ್ರಂಕಿನಲ್ಲಿಟ್ಟು ಜೀಪಿನ ಹಿಂದೆ ಹಾಕಿಕೊಂಡು ಬಂದ ಪೆಟ್ಟಿಗೆಯಲ್ಲಿ ಆ ಮೇಣ ಕರಗಿ ಒಂದೇ ಕಡೆ ಗಂಟಾಗಿದ್ದರೆ ಆಶ್ಚರ್ಯವೇನು? ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಶಬ್ದದ ವೇಗ ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್, ನಮ್ಮ ನಲವತ್ತು ಡಿಗ್ರಿಯಲ್ಲಿ ಸುಮಾರು 355. ಸ್ಪರ್ಧೆಯ ಗುಂಡು ನಳಿಗೆಯಿಂದ ಹೊರಡುವುದು 325-330 ಮೀಟರ್ ವೇಗದಲ್ಲಿ. ಶಬ್ದದ ವೇಗದ ಗಡಿಯನ್ನು ದಾಟುವ ಗುಂಡಿಗೆ ಗಾಳಿಯಲ್ಲಿ ತೊಯ್ದಾಟ ಹೆಚ್ಚು. ಆದ್ದರಿಂದಲೇ ಸ್ಪರ್ಧೆಯ ಕಾಡತೂಸುಗಳನ್ನು ಆ ಗಡಿಗಿಂತ ಕೆಳಗಿರುವಂತೆ ತಯಾರಿಸುತ್ತಾರೆ. ನಮ್ಮೂರ ಬಿಸಿಲಿನಲ್ಲಿ ಆ ಗಡಿ ಇನ್ನಷ್ಟು ದೂರ ಸರಿದಿರುತ್ತದೆ. ಬಳ್ಳಾರಿಯ ಬಿಸಿಲು ಯಾರಿಗಾದರೂ ಉಪಕಾರ ಮಾಡಿದ್ದರೆ ಬಹುಶಃ ಈ ಗುಂಡಿಗೆ ಮಾತ್ರ!

ಈಗ ನನ್ನ ಮುಖ್ಯ ವಾದಕ್ಕೆ ಬರುತ್ತೇನೆ. "ಎಲ್ಲ ಸರಿ ಮೇಷ್ಟ್ರೇ, ಆದರೆ ಕೈಯ ನಡುಕದ ಮುಂದೆ ಕಾಡತೂಸಿನ ದೋಷ ಎಷ್ಟರದು?" ಎನ್ನುತ್ತಾರೆ. ಇದಕ್ಕೆ ಉತ್ತರ ಲಂಬಕೋನ ತ್ರಿಭುಜದಲ್ಲಿದೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಚದುರುವಿಕೆಗಳು ಸೇರುವಾಗ ನೇರವಾಗಿ ಕೂಡುವುದಿಲ್ಲ. ಅವುಗಳ ವರ್ಗಗಳು ಕೂಡುತ್ತವೆ. ಕೈಯ ಚದುರುವಿಕೆ 12, ಕಾಡತೂಸಿನದು 5 ಎಂದಾದರೆ ಹಲಗೆಯ ಮೇಲೆ ಕಾಣುವುದು 13. ಇಂಥ ಮಗುವಿಗೆ ಜಗತ್ತಿನ ಅತ್ಯುತ್ತಮ ಕಾಡತೂಸು ಕೊಟ್ಟರೂ 13 ಇದ್ದದ್ದು 12 ಆದೀತು. ಹೊಸದಾಗಿ ಕಲಿಯುವವರ ವಿಷಯದಲ್ಲಿ ಅತಿಥಿ ಮಹಾಶಯರ ಮಾತು ನಿಜ. ಅವರು ಹಿಡಿತವನ್ನೇ ಕಲಿಯಬೇಕು. ಆದರೆ ಆ ಮಗು ಕಲಿಯಿತು, ವರ್ಷವಿಡೀ ಬೆವರಿತು, ಕೈಯ ಚದುರುವಿಕೆ 3ಕ್ಕಿಳಿಯಿತು. ಕಾಡತೂಸಿನದು 4 ಇದೆ. ಹಲಗೆಯ ಮೇಲೆ ಕಾಣುವುದು 5. ಇನ್ನು ಆ ಮಗು ಸಾಕ್ಷಾತ್ ಅರ್ಜುನನೇ ಆಗಿ ತನ್ನ ದೋಷವನ್ನು ಸೊನ್ನೆಗಿಳಿಸಿಕೊಂಡರೂ 4ಕ್ಕಿಂತ ಕೆಳಗೆ ಬರಲಾರದು. ಕಾಡತೂಸಿನ ದೋಷವನ್ನು 4ರಿಂದ 1ಕ್ಕಿಳಿಸಿದರೆ ಅದೇ ಮಗುವಿನ ಅದೇ ಕೈಗೆ 3.2ರಷ್ಟು ಬರುತ್ತದೆ. ಮಗು ಎಷ್ಟು ನಿಪುಣವೋ ಅಷ್ಟು ಹೆಚ್ಚಾಗಿ ಅದಕ್ಕೆ ಕೆಟ್ಟ ಕಾಡತೂಸಿನ ಪೆಟ್ಟು ಬೀಳುತ್ತದೆ. ದಡ್ಡನಿಗೂ ಜಾಣೆಗೂ ಇರುವ ವ್ಯತ್ಯಾಸವನ್ನೇ ಅಳಿಸಿಹಾಕುವ ಅಳತೆಗೋಲು ಅದು. ಅಂಥ ಅಳತೆಗೋಲನ್ನು ಹಿಡಿದು ಆಯ್ಕೆ ನಡೆಸುತ್ತೇವೆ, ಆಮೇಲೆ ಹೊರಬಿದ್ದವರಿಗೆ ಏಕಾಗ್ರತೆಯ ಉಪದೇಶ ಮಾಡುತ್ತೇವೆ.

ಇದು ಬರಿಯ ಲೆಕ್ಕವಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಆಯ್ಕೆ ಶಿಬಿರಕ್ಕೆ ನನ್ನ ಶಾಲೆಯ ಒಬ್ಬ ಹುಡುಗಿಯನ್ನು ಕರೆದೊಯ್ದಿದ್ದೆ. ಯಾರು ನಡೆಸಿದ ಶಿಬಿರವೆಂಬುದು ಇಲ್ಲಿ ಬೇಡ. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದವರ ಮಗಳು. ನಾನು ಕಂಡ ಮಕ್ಕಳಲ್ಲಿ ಅಷ್ಟು ನಿಶ್ಚಲವಾದ ಕೈ ಇನ್ನೊಂದಿಲ್ಲ. ಅಲ್ಲಿ ಕಾಡತೂಸುಗಳನ್ನು ಎರಡು ಪೆಟ್ಟಿಗೆಗಳಿಂದ ಒಂದು ಸ್ಟೀಲ್ ತಟ್ಟೆಗೆ ಸುರಿದಿದ್ದರು, ಮದುವೆ ಮನೆಯಲ್ಲಿ ಮಂತ್ರಾಕ್ಷತೆ ಸುರಿದಂತೆ. ಒಬ್ಬೊಬ್ಬರಿಗೆ ಐದು ಎಣಿಸಿ ಕೊಟ್ಟರು. ಆಕೆಯ ನಾಲ್ಕು ರಂಧ್ರಗಳನ್ನು ಒಂದು ರೂಪಾಯಿಯ ನಾಣ್ಯದಿಂದ ಮುಚ್ಚಬಹುದಿತ್ತು. ಐದನೆಯದು ಒಂದು ಬೆರಳಗಲ ಕೆಳಗಿತ್ತು. ರೇಂಜಿನ ಪದ್ಧತಿಯಂತೆ ಖಾಲಿ ಖೋಕಾಗಳನ್ನು ಎಣಿಸಿ ಒಪ್ಪಿಸುವಾಗ ನಾನು ಅವುಗಳ ತಳ ನೋಡಿದೆ. ನಾಲ್ಕರ ಮೇಲೆ ಒಂದು ಮುದ್ರೆ, ಐದನೆಯದರ ಮೇಲೆ ಬೇರೆ ಮುದ್ರೆ! ಅಲ್ಲಿದ್ದ ಹಿರಿಯರಿಗೆ ತೋರಿಸಿ, ಒಂದೇ ಪೆಟ್ಟಿಗೆಯ ಐದು ಗುಂಡು ಕೊಟ್ಟು ಇನ್ನೊಮ್ಮೆ ಹೊಡೆಸಿರೆಂದು ಕೇಳಿಕೊಂಡೆ. "ಗುಂಡು ಗುಂಡೇ ಮೇಷ್ಟ್ರೇ, ಹುಡುಗಿ ಕೊನೇ ಹೊಡೆತಕ್ಕೆ ಗಾಬರಿಯಾಗಿದ್ದಾಳೆ" ಎಂದರು. ಹಾಳೆಯ ಮೇಲೆ "ಏಕಾಗ್ರತೆ ಸಾಲದು" ಎಂದು ಬರೆದರು.

ಆಯ್ಕೆಯಾಗದಿದ್ದುದು ಅಂಥ ದೊಡ್ಡ ಸಂಗತಿಯಲ್ಲ. ಪ್ರತಿ ವರ್ಷ ಸಾವಿರ ಮಕ್ಕಳು ಆಯ್ಕೆಯಾಗುವುದಿಲ್ಲ. ಆದರೆ ಎರಡು ವರ್ಷದ ನಂತರ ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ಆಕೆ ಸಿಕ್ಕಾಗ, ಪಿ.ಯು.ಸಿ.ಗೆ ಗಣಿತ ಯಾಕೆ ತೆಗೆದುಕೊಳ್ಳಲಿಲ್ಲವೆಂದು ಕೇಳಿದೆ. "ನಂಗ ಏಕಾಗ್ರತೆ ಇಲ್ಲ ಅಂತ ಅವರೇ ಬರದು ಕೊಟ್ಟಾರಲ್ಲ ಸಾರ್" ಎಂದಳು. ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಒಂದು ಹಿತ್ತಾಳೆಯ ತುಣುಕಿನ ದೋಷವನ್ನು ಹದಿನಾಲ್ಕು ವರ್ಷದ ಹುಡುಗಿಯ ಮನಸ್ಸಿನ ದೋಷವೆಂದು ಬರೆದುಕೊಟ್ಟವರಿಗೆ ಆ ಎರಡು ಪದಗಳು ಎಷ್ಟು ದೂರ ಹೋಗುತ್ತವೆಂಬ ಕಲ್ಪನೆಯಾದರೂ ಇತ್ತೇ?

ಸಿರುಗುಪ್ಪದ ರೈತನಿಗೆ ಈ ವಿಷಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಭತ್ತದ ಬೀಜದ ಚೀಲ ತಂದವನು ಮೊದಲು ಅದರ ಚೀಟಿಯಲ್ಲಿ ಲಾಟ್ ನಂಬರ್ ನೋಡುತ್ತಾನೆ. ಮೊಳಕೆ ಬಾರದಿದ್ದರೆ "ನಿನಗೆ ಬಿತ್ತುವಾಗ ಏಕಾಗ್ರತೆ ಇರಲಿಲ್ಲ" ಎಂದು ಅಂಗಡಿಯವನು ಹೇಳಿ ನೋಡಲಿ! ನಮ್ಮ ಬಳ್ಳಾರಿಯ ಜೀನ್ಸ್ ಹೊಲಿಯುವವರನ್ನು ಕೇಳಿ. ಎರಡು ಬೇರೆ ಥಾನುಗಳ ಬಟ್ಟೆಯಲ್ಲಿ ಒಂದು ಪ್ಯಾಂಟಿನ ಎರಡು ಕಾಲು ಕತ್ತರಿಸಬಾರದೆಂಬುದು ಕೆಲಸಕ್ಕೆ ಸೇರಿದ ಹುಡುಗ ಕಲಿಯುವ ಮೊದಲ ಪಾಠಗಳಲ್ಲೊಂದು. ಹೆಸರು ಒಂದೇ, ಬೆಲೆ ಒಂದೇ, ಬಣ್ಣದ ಛಾಯೆ ಮಾತ್ರ ಬೇರೆ. ಕಾಡತೂಸಿನ ಲಾಟ್ ಕೂಡ ಹೀಗೆಯೇ. ಇಂಗ್ಲೆಂಡಿನ ಈಲಿ, ಜರ್ಮನಿಯಲ್ಲಿ ಪರೀಕ್ಷಾ ಕೇಂದ್ರವಿರುವ ಲಾಪುವಾ ಮುಂತಾದ ಹೆಸರಾಂತ ಕಂಪನಿಗಳವರು ತಮ್ಮಲ್ಲಿಗೆ ಬಂದೂಕು ಸಮೇತ ಬರುವ ಸ್ಪರ್ಧಾಳುಗಳಿಗೆ ಅದನ್ನು ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು, ಒಂದಾದ ಮೇಲೊಂದು ಲಾಟಿನ ಗುಂಡು ಹಾರಿಸಿ, ಆ ನಳಿಗೆಗೆ ಒಪ್ಪುವ ಲಾಟನ್ನು ಆರಿಸಿಕೊಡುತ್ತಾರೆ. ಜಗತ್ತಿನ ಅತ್ಯುತ್ತಮ ಗುರಿಕಾರರು ತಮ್ಮ ಏಕಾಗ್ರತೆಯನ್ನು ನೆಚ್ಚಿಕೊಂಡು ಯಾವುದೋ ಒಂದು ಪೆಟ್ಟಿಗೆ ಎತ್ತಿಕೊಂಡು ಹೋಗುವುದಿಲ್ಲ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ಜೊಯ್‌ದೀಪ್ ಕರ್ಮಾಕರ್ 50 ಮೀಟರ್ ಪ್ರೋನ್ ಸ್ಪರ್ಧೆಯಲ್ಲಿ ನಾಲ್ಕನೆಯವರಾದದ್ದು 1.9 ಅಂಕದ ಅಂತರದಿಂದ. ಅಲ್ಲಿ ಅಂಕದ ಹತ್ತನೇ ಒಂದು ಭಾಗವೆಂದರೆ 0.8 ಮಿಲಿಮೀಟರ್. 2024ರಲ್ಲಿ ಪ್ಯಾರಿಸ್ಸಿನಲ್ಲಿ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೊಲ್ಲಾಪುರ ಜಿಲ್ಲೆಯ ಹಳ್ಳಿಯವರು, ಶಾಲಾ ಮಾಸ್ತರರ ಮಗ. ಅಂದು ನಮ್ಮೂರಿನಲ್ಲಿ ಎಷ್ಟೋ ಜನ ಅವರ ಏಕಾಗ್ರತೆಯನ್ನು ಹೊಗಳಿದರು. ಕಾಡತೂಸಿನ ಖರ್ಚಿನ ಮಾತನ್ನು ಯಾರೂ ಎತ್ತಲಿಲ್ಲ.

ಹಾಗೆಂದು ವಿದೇಶಿ ಕಾಡತೂಸು ತರಿಸಿದರೆ ಎಲ್ಲ ಸರಿಹೋದೀತು ಎಂಬ ಇನ್ನೊಂದು ಪಂಗಡದವರ ಜೊತೆಗೂ ನಾನಿಲ್ಲ. ನನ್ನ ಒಬ್ಬ ಹಳೆಯ ವಿದ್ಯಾರ್ಥಿ, ಈಗ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿರುವವನು, ಮಗನಿಗಾಗಿ ಅತ್ಯಂತ ದುಬಾರಿ ಪೆಟ್ಟಿಗೆಯನ್ನೇ ಕೊಂಡು, ಅಂಕ ಏರಲಿಲ್ಲವೆಂದು ನನಗೆ ಫೋನು ಮಾಡಿ ಬೇಸರಪಟ್ಟ. ಆ ನಳಿಗೆಗೆ ಆ ಲಾಟು ಹೊಂದುತ್ತದೆಯೇ ಎಂದು ನೋಡಿದ್ದೀಯಾ ಎಂದೆ. ಇಲ್ಲವಂತೆ. ಬೆಲೆಯ ಚೀಟಿ ನಳಿಗೆಗೆ ಓದಲು ಬರುವುದಿಲ್ಲವಪ್ಪ ಎಂದು ಹೇಳಿದೆ. ಗಾಳಿಯನ್ನೂ ಮರೆಯುವಂತಿಲ್ಲ. ಗಂಟೆಗೆ ಹತ್ತು ಕಿಲೋಮೀಟರಿನ ಅಡ್ಡಗಾಳಿ ಐವತ್ತು ಮೀಟರಿನಲ್ಲಿ ಈ ಗುಂಡನ್ನು ಒಂದೂವರೆ ಸೆಂಟಿಮೀಟರಿನಷ್ಟು ಪಕ್ಕಕ್ಕೆ ಒಯ್ಯುತ್ತದೆ. ಕುರುಗೋಡಿನ ಬಂಡೆಗುಡ್ಡಗಳ ನಡುವೆ ಸುಳಿಯುವ ಗಾಳಿಗೆ ನಾನು ಎಷ್ಟೋ ಬಾರಿ ಶಾಪ ಹಾಕಿದ್ದೇನೆ. ಆದರೆ ಗಾಳಿ ಕಾಣುತ್ತದೆ. ಹುಲ್ಲು ಬಾಗುತ್ತದೆ, ಬಾವುಟ ಅಲುಗುತ್ತದೆ, ಮಗು ಕಾಯಬಹುದು. ಕಾಡತೂಸಿನ ದೋಷ ಮಾತ್ರ ಹೊಡೆದಾದ ಮೇಲಲ್ಲದೆ ಕಾಣುವುದಿಲ್ಲ. ಆಗಲೂ ಅದು ಮಗುವಿನ ದೋಷದ ವೇಷದಲ್ಲಿಯೇ ಕಾಣುತ್ತದೆ.

ಐದು ಹೊಡೆತಗಳ ಆಯ್ಕೆಯೂ ಒಂದು ಮೂಢನಂಬಿಕೆ. ಬಂದೂಕನ್ನು ಅಲುಗದಂತೆ ಬಿಗಿದಿಟ್ಟು, ಒಂದೇ ಪೆಟ್ಟಿಗೆಯಿಂದ ಐದೈದು ಗುಂಡು ಹೊಡೆದರೂ ಒಮ್ಮೆ 20 ಮಿಲಿಮೀಟರಿನ ಗುಂಪು ಬರಬಹುದು, ಮುಂದಿನ ಸಲ 35ರದು. ಮನುಷ್ಯನ ಕೈಯೇ ಇಲ್ಲದಾಗಲೂ ಹೀಗೆ. ಅಂದ ಮೇಲೆ ಐದು ರಂಧ್ರ ನೋಡಿ ಇವಳಿಗಿಂತ ಇವನು ಮೇಲು ಎನ್ನುವುದು ಒಂದು ಪ್ರಶ್ನೆಯ ಪರೀಕ್ಷೆ ಮಾಡಿ ರ್‍ಯಾಂಕ್ ಕೊಟ್ಟಂತೆ.

ಈಗ ಕಾಲ ಬದಲಾಗಿದೆ ಎನ್ನುವವರಿದ್ದಾರೆ. ನಿಜ, 4.5 ಮಿ.ಮೀ.ನ, 20 ಜೂಲ್ ಮೀರದ ಗಾಳಿಬಂದೂಕಿಗೆ 2016ರ ನಿಯಮಗಳಂತೆ ಪರವಾನಗಿ ಬೇಕಿಲ್ಲವಾದ್ದರಿಂದ ಶಾಲೆಗಳು ಹತ್ತು ಮೀಟರಿನ ರೇಂಜ್ ಮಾಡಿಕೊಳ್ಳಲು ಅಡ್ಡಿಯಿಲ್ಲ. ತೋರಣಗಲ್ಲಿನ ಹತ್ತಿರ 2018ರಲ್ಲಿ ಶುರುವಾದ ಕ್ರೀಡಾ ಸಂಸ್ಥೆ ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸಿಗೆ ಹೆಸರು ಮಾಡಿದೆ. ಗುರಿವಿದ್ಯೆಗೂ ನಮ್ಮ ಜಿಲ್ಲೆಯಲ್ಲಿ ಅಂಥದೊಂದು ದಿನ ಬರಲಿ. ಆದರೆ ಗಾಳಿಬಂದೂಕಿನಲ್ಲಿಯೂ ಕತೆ ಇದೇ. ಅದರ ಢಮರುಗದಾಕಾರದ ಸೀಸದ ಗುಂಡು ಅರ್ಧ ಗ್ರಾಮಿನದು, ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರಿನದು. ಗುಂಡಿನ ತಲೆಯ ಅಳತೆ 4.49 ಇರಬೇಕೋ 4.50 ಇರಬೇಕೋ ಎಂಬುದನ್ನು ನಳಿಗೆ ನಿರ್ಧರಿಸುತ್ತದೆ. ಕೈಜಾರಿ ನೆಲಕ್ಕೆ ಬಿದ್ದ ಗುಂಡಿನ ತೆಳು ಅಂಚು ನಜ್ಜಾಗಿದ್ದರೆ ಅದನ್ನು ಬಿಸಾಡಬೇಕು. ಅಂಗಿಗೆ ಒರೆಸಿ ಮತ್ತೆ ಹಾಕುವ ಮಿತವ್ಯಯ ಇಲ್ಲಿ ನಡೆಯುವುದಿಲ್ಲ.

ಶಾಲಾ ಅಭಿವೃದ್ಧಿ ಸಮಿತಿಗಳಲ್ಲಿ, ಕ್ರೀಡಾ ಇಲಾಖೆಯಲ್ಲಿ, ಸೇನೆಯಲ್ಲಿ, ಪೊಲೀಸಿನಲ್ಲಿ ಇರುವ ನನ್ನ ವಿದ್ಯಾರ್ಥಿಗಳು ಈ ಪುಟವನ್ನು ಓದುತ್ತೀರೆಂದು ನನಗೆ ಗೊತ್ತು. ನಿಮ್ಮಿಂದ ಹೊಸ ಬಂದೂಕು ಕೇಳುತ್ತಿಲ್ಲ, ವಿದೇಶಿ ಕಾಡತೂಸು ಕೇಳುತ್ತಿಲ್ಲ. ಒಂದು ಆಯ್ಕೆಯ ದಿನ ಎಲ್ಲ ಮಕ್ಕಳಿಗೂ ಒಂದೇ ಲಾಟಿನ ಗುಂಡು ಕೊಡಿ, ಮತ್ತು ಪೆಟ್ಟಿಗೆಯ ಮೇಲಿನ ಆ ನಂಬರನ್ನು ಅಂಕಪಟ್ಟಿಯಲ್ಲಿ ಬರೆಯಿರಿ. ಹಿಂದಿನ ದಿನವೇ ಪ್ರತಿಯೊಂದು ಬಂದೂಕನ್ನೂ ಮರಳುಚೀಲದ ಮೇಲಿಟ್ಟು, ನುರಿತವರೊಬ್ಬರಿಂದ ಇಪ್ಪತ್ತು ಗುಂಡು ಹೊಡೆಸಿ, ಆ ಹಲಗೆಯನ್ನು ಮಕ್ಕಳಿಗೆ ಕಾಣುವಂತೆ ಗೋಡೆಗೆ ಅಂಟಿಸಿ. ಐದರ ಬದಲು ಇಪ್ಪತ್ತು ಹೊಡೆತಗಳಿರಲಿ. ಖರ್ಚು ಜಾಸ್ತಿಯಾಯಿತೆಂದರೆ ಅತಿಥಿಗಳ ಹಾರ, ಶಾಲು, ಹಣ್ಣಿನ ಬುಟ್ಟಿಗಳಲ್ಲಿ ಉಳಿಸಬಹುದು. ಮರಳುಚೀಲ ಎಲ್ಲಿಂದ ತರುವುದೆಂದು ಮಾತ್ರ ಯಾರೂ ಕೇಳಬೇಡಿ. ಬಳ್ಳಾರಿಯ ಗೋದಾಮುಗಳಲ್ಲಿ ಖಾಲಿ ಗೋಣಿಗೆ ಬರವಿಲ್ಲ, ಹಗರಿಯಲ್ಲಿ ನಾಲ್ಕು ಪುಟ್ಟಿ ಮರಳು ಇನ್ನೂ ಉಳಿದಿದೆ.